ರಕ್ತದ ಕಾಯಿಲೆ ಇರುವವರನ್ನು ದೊಡ್ಡಾಸ್ಪತ್ರೆಗೆ ಕಳಿಸುವ ಮೊದಲು

ಹೊನ್ನಾವರದಿಂದ ಮಣಿಪಾಲದ ದೊಡ್ಡಾಸ್ಪತ್ರೆಗೆ ನೂರು ಕಿಲೋಮೀಟರಿಗೂ ಜಾಸ್ತಿ. ಬೆಳಗಿನ ಬಸ್ಸಿಗೆ ಹೊರಟವರು ಮನೆ ಸೇರುವಾಗ ಕತ್ತಲಾಗಿರುತ್ತದೆ. ಜೊತೆಗೆ ಹೋದ ಮಗನಿಗೆ ಅವತ್ತಿನ ದುಡಿಮೆ ಇಲ್ಲ. ಇಷ್ಟೆಲ್ಲ ಮಾಡಿ ಹೋದವರಿಗೆ ಅಲ್ಲಿ "ಹಳೇ ರಿಪೋರ್ಟ್ ತಂದಿಲ್ವಾ? ಈ ಟೆಸ್ಟ್ ಮಾಡಿಸಿ, ಮುಂದಿನ ವಾರ ಬನ್ನಿ" ಅಂದರೆ ಅರ್ಧಕ್ಕರ್ಧ ಜನ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಹಾಗಾಗಿ ಸಾಮಾನ್ಯ ವೈದ್ಯನಾಗಿ ನಾನು ಪಟ್ಟು ಹಿಡಿದಿರುವುದು ಒಂದಕ್ಕೇ: ತಜ್ಞರ ಒಪಿಡಿಗೆ ರೋಗಿ ಹೋಗುವ ಮೊದಲ ದಿನ ದಂಡವಾಗಬಾರದು. ಅದಕ್ಕೆ ಬೇಕಾದ ಕೆಲಸದಲ್ಲಿ ಹೆಚ್ಚಿನದು ನಮ್ಮ ಟೇಬಲ್ ಮೇಲೇ ಆಗಬೇಕು.

ರಕ್ತ ಕಡಿಮೆ ಇದ್ದವರೆಲ್ಲ ರಕ್ತರೋಗ ತಜ್ಞರ ಹತ್ತಿರ ಹೋಗಬೇಕಾಗಿಲ್ಲ. ತೋಟದಲ್ಲಿ ಬರಿಗಾಲಲ್ಲಿ ಕೆಲಸ ಮಾಡುವ ಹೆಂಗಸಿಗೆ ಕೊಕ್ಕೆಹುಳು ಇರಬಹುದು, ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿರಬಹುದು. ಹುಳದ ಮಾತ್ರೆ, ಕಬ್ಬಿಣದ ಮಾತ್ರೆ ಕೊಟ್ಟು ತಿಂಗಳು ಬಿಟ್ಟು ನೋಡಿದರೆ ಹಿಮೋಗ್ಲೋಬಿನ್ ಏರಿರುತ್ತದೆ. ಐವತ್ತು ದಾಟಿದ ಗಂಡಸಿಗೆ ಕಬ್ಬಿಣ ಕಡಿಮೆಯಾಗಿದ್ದರೆ ನಾನು ಮೊದಲು ಕಳಿಸುವುದು ಹೊಟ್ಟೆ, ಕರುಳಿನ ವೈದ್ಯರಿಗೆ. ರಕ್ತ ಒಳಗೆಲ್ಲೋ ಸೋರುತ್ತಿರಬಹುದು, ಅದನ್ನು ಎಂಡೋಸ್ಕೋಪಿಯಲ್ಲೇ ಹುಡುಕಬೇಕು.

ಪ್ಲೇಟ್‌ಲೆಟ್ ಕಡಿಮೆ ಬಂದರೆ ಯಾವ ತಿಂಗಳು ಅಂತ ನೋಡುತ್ತೇನೆ. ಡಿಸೆಂಬರಿನಿಂದ ಮೇ ತನಕ, ಕಾಡಿನ ಅಂಚಿನ ಊರಿನವರು, ಜ್ವರ ಮೈಕೈ ನೋವು ಅಂದರೆ ಮಂಗನ ಕಾಯಿಲೆಯ ಪರೀಕ್ಷೆ ಮೊದಲು. ಸಿದ್ದಾಪುರ, ಹೊನ್ನಾವರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಾದರೆ ಡೆಂಗ್ಯೂ, ಇಲಿ ಜ್ವರ. ಜ್ವರ ಬಿಟ್ಟು ಎರಡು ವಾರವಾದರೂ ಪ್ಲೇಟ್‌ಲೆಟ್ ಮೇಲೇಳದಿದ್ದರೆ ಆಗ ತಜ್ಞರ ಮಾತು.

ಇನ್ನೊಂದು ಸಂಗತಿ ಇದೆ. ಕಣ ಎಣಿಸಲು ರಕ್ತ ತೆಗೆಯುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಕೆಲವರ ಪ್ಲೇಟ್‌ಲೆಟ್ ಒಂದಕ್ಕೊಂದು ಅಂಟಿಕೊಂಡುಬಿಡುತ್ತದೆ. ಮೆಷಿನ್ ಅದನ್ನು ಎಣಿಸದೆ ಮೂವತ್ತು ಸಾವಿರ ಅನ್ನುತ್ತದೆ. ರೋಗಿ ನೋಡಿದರೆ ಮೈಯಲ್ಲಿ ಒಂದು ಕೆಂಪು ಚುಕ್ಕಿಯೂ ಇಲ್ಲದೆ ಆರಾಮಾಗಿ ಕೂತಿರುತ್ತಾನೆ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆದರೆ ಎರಡು ಲಕ್ಷ. ಸುಮ್ನೆ ಮಣಿಪಾಲ ಸುತ್ತಿ ಬರುವುದು ತಪ್ಪಿತು, ಅಲ್ವಾ?

ಇದು ಗೊತ್ತಾಗುವುದು ಗಾಜಿನ ಮೇಲೆ ರಕ್ತದ ಹನಿ ಎಳೆದ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ. ನಮ್ಮಲ್ಲಿ ಜೂನ್ ಜುಲೈನಲ್ಲಿ ಒಳ್ಳೆಯ ಸ್ಲೈಡ್ ಮಾಡುವುದೇ ಕಷ್ಟ. ಗಾಳಿಯಲ್ಲಿ ನೀರಿನ ಪಸೆ, ರಕ್ತ ಬೇಗ ಒಣಗುವುದಿಲ್ಲ. ನಿಧಾನ ಒಣಗಿದ ಕೆಂಪು ಕಣಗಳಲ್ಲಿ ಹುಳ ತಿಂದ ಹಾಗೆ ತೂತು ಕಾಣುತ್ತದೆ, ಇಲ್ಲದ ಕಾಯಿಲೆ ಇದ್ದಂತೆ ತೋರುತ್ತದೆ. ನಮ್ಮ ಲ್ಯಾಬಿನ ಹುಡುಗಿ ತೆಳ್ಳಗೆ ಎಳೆದ ತಕ್ಷಣ ಟೇಬಲ್ ಫ್ಯಾನಿನ ಮುಂದೆ ಹಿಡಿಯುತ್ತಾಳೆ, ಒಣಗಿದ ಕೂಡಲೇ ಮೆಥನಾಲಿನಲ್ಲಿ ಅದ್ದುತ್ತಾಳೆ. ಬಣ್ಣ ಹಾಕದ ಎರಡು ಸ್ಲೈಡನ್ನು ಹೆಸರು, ತಾರೀಖು ಬರೆದು ರೋಗಿಯ ಜೊತೆಗೇ ಕಳಿಸುತ್ತೇನೆ. ಅಲ್ಲಿಯವರಿಗೆ ಚಿಕಿತ್ಸೆಗೆ ಮುಂಚಿನ ರಕ್ತ ನೋಡಲು ಸಿಗುವುದು ಅದೊಂದರಲ್ಲೇ.

ಚಿಕಿತ್ಸೆಗೆ ಮುಂಚೆ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಮೀನು ಮಾರುವ ಅಮ್ಮ ಒಬ್ಬರು ಬಂದಿದ್ದರು, ಹಿಮೋಗ್ಲೋಬಿನ್ ಐದರ ಹತ್ತಿರ. ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ಕಡಿಮೆ. ಮಗ "ಡಾಕ್ಟ್ರೇ, ಮೊದ್ಲು ರಕ್ತ ಹಾಕ್ಸಿ, ಶಕ್ತಿ ಇಂಜೆಕ್ಷನ್ ಕೊಡಿ" ಅಂತ ಕೈ ಹಿಡಿದುಕೊಂಡ. "ಹಾಕಿಸೋಣ ಮಾರಾಯಾ, ಮೊದಲು ರಕ್ತ ತೆಗೆದಿಡ್ತೇನೆ" ಅಂದೆ. ಬಿ12 ವಿಟಮಿನ್ ಪರೀಕ್ಷೆಗೆ, ಮೈಯಲ್ಲಿ ಕಬ್ಬಿಣ ಎಷ್ಟಿದೆ ಅಂತ ಹೇಳುವ ಫೆರಿಟಿನ್‌ಗೆ, ಹಿಮೋಗ್ಲೋಬಿನ್ನಿನ ಬಗೆ ತೋರಿಸುವ ಎಚ್‌ಪಿಎಲ್‌ಸಿಗೆ, ಸ್ಲೈಡಿಗೆ. ಆಮೇಲೆಯೇ ಬಾಟಲಿ. ಬೇರೆಯವರ ರಕ್ತ ಒಳಗೆ ಹೋದ ಮೇಲೆ ಎಚ್‌ಪಿಎಲ್‌ಸಿಯಲ್ಲಿ ಥಲಸ್ಸೀಮಿಯಾ, ಸಿಕಲ್ ಸೆಲ್ ಎಂಬ ವಂಶದಲ್ಲಿ ಬರುವ ಕಾಯಿಲೆಗಳು ಸರಿಯಾಗಿ ತಿಳಿಯುವುದಿಲ್ಲ, ಮೂರು ತಿಂಗಳು ಕಾಯಬೇಕು. ಬಿ12 ಇಂಜೆಕ್ಷನ್ ಕೊಟ್ಟ ಮೇಲೆ ಬಿ12 ಎಷ್ಟಿತ್ತು ಅಂತ ಗೊತ್ತಾಗುವುದಿಲ್ಲ. ಇವರದ್ದು ಬಿ12 ಕೊರತೆಯೇ ಆಗಿತ್ತು. ಮೂರೂ ಕಣ ಕುಸಿದಿದ್ದರಿಂದ ಮನೆಯವರು ಕ್ಯಾನ್ಸರ್ ಅಂತ ಹೆದರಿದ್ದರು. ಇಲ್ಲೇ ಇಂಜೆಕ್ಷನ್‌ನಲ್ಲಿ ಸರಿಹೋಯಿತು, ಎಲ್ಲಿಗೂ ಕಳಿಸಬೇಕಾಗಲಿಲ್ಲ.

ಪರೀಕ್ಷೆಗೆ ಮುಂಚೆ ಸ್ಟೀರಾಯ್ಡ್ ಕೊಡುವುದು ಇನ್ನೂ ಅಪಾಯ. ಕುತ್ತಿಗೆಯಲ್ಲಿ ಗಂಟು ಇರುವವರಿಗೆ ಡೆಕ್ಸಾ ಎಂಬ ಸ್ಟೀರಾಯ್ಡ್ ಕೊಟ್ಟರೆ ಗಂಟು ತಾತ್ಕಾಲಿಕವಾಗಿ ಕರಗಬಹುದು, ಗಂಟಿನ ತುಣುಕು ತೆಗೆದು ನೋಡುವ ಬಯಾಪ್ಸಿಯಲ್ಲಿ ಲಿಂಫೋಮಾ ಎಂಬ ಕ್ಯಾನ್ಸರ್ ಕೈಗೆ ಸಿಗದೆ ಹೋಗಬಹುದು.

ಒಪಿಡಿ ಚೀಟಿ ಹಿಡಿದು ಕಾಯಬಾರದವರು ಇದ್ದಾರೆ. ಸ್ಲೈಡಿನಲ್ಲಿ ಬ್ಲಾಸ್ಟ್, ಅಂದರೆ ರಕ್ತದ ಕ್ಯಾನ್ಸರಿನ ಅನುಮಾನ ಹುಟ್ಟಿಸುವ ಬಲಿಯದ ಕಣ, ಕಂಡವರು. ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣ ನ್ಯೂಟ್ರೋಫಿಲ್ ಐನೂರಕ್ಕಿಂತ ಕಡಿಮೆಯಿದ್ದು ಜ್ವರ ಬಂದವರು. ಪ್ಲೇಟ್‌ಲೆಟ್ ಕುಸಿದು ವಸಡಿನಲ್ಲಿ ರಕ್ತ ಒಸರುವವರು. ಬೆನ್ನು ನೋವು, ರಕ್ತಹೀನತೆ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯೇಟಿನಿನ್ ಜಾಸ್ತಿ ಇರುವ ಅಜ್ಜನಿಗೆ ಕಾಲಿನ ಬಲ ಕಡಿಮೆಯಾದರೆ ಅದೂ ಅಷ್ಟೇ, ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್ ಬೆನ್ನುಹುರಿ ಒತ್ತುತ್ತಿರಬಹುದು. ಇವರಿಗೆ ನಾನು ಫೋನ್ ಮಾಡಿ, ತುರ್ತು ವಿಭಾಗಕ್ಕೇ ಅವತ್ತೇ ಕಳಿಸುತ್ತೇನೆ. ಕಾರವಾರದ ಕಡೆಯವರಿಗೆ ಗೋವಾದ ಬಾಂಬೋಳಿಯ ಮೆಡಿಕಲ್ ಕಾಲೇಜು ಆಸ್ಪತ್ರೆ ಹತ್ತಿರ, ಯಲ್ಲಾಪುರದವರಿಗೆ ಹುಬ್ಬಳ್ಳಿ. ಜೋರು ಮಳೆಯಲ್ಲಿ ಘಟ್ಟದ ರಸ್ತೆ ತೆರೆದಿದೆಯಾ ಅಂತ ವಿಚಾರಿಸಿಯೇ ಊರು ಹೇಳುತ್ತೇನೆ. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಬೀದಿಗಿಳಿದದ್ದು ಸುಮ್ಮನೆ ಅಲ್ಲ.

ಚೀಟಿಯಲ್ಲಿ "ರಕ್ತಹೀನತೆ, ದಯವಿಟ್ಟು ನೋಡಿ" ಅಂತ ಬರೆದರೆ ಸಾಲದು. ನನ್ನ ಪ್ರಶ್ನೆ ಏನು ಅಂತ ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಆಮೇಲೆ ಹಳೆಯ ಸಿಬಿಸಿಗಳು, ಅಂದರೆ ರಕ್ತದ ಕಣ ಎಣಿಸಿದ ವರದಿಗಳು, ತಾರೀಖಿನ ಸಮೇತ. ಎರಡು ವರ್ಷದಿಂದ ಬಿಳಿ ಕಣ ಹದಿನಾಲ್ಕು ಸಾವಿರದಲ್ಲೇ ನಿಂತಿರುವವರೂ, ತಿಂಗಳಲ್ಲಿ ಹದಿನಾಲ್ಕರಿಂದ ಎಂಬತ್ತಕ್ಕೆ ಹಾರಿದವರೂ ಬೇರೆಯೇ. ತೆಗೆದುಕೊಳ್ಳುತ್ತಿರುವ ಎಲ್ಲ ಔಷಧ, ನಾಟಿ ಮದ್ದೂ ಸೇರಿ. ಹಲ್ಲು ಕೀಳಿಸಿದಾಗ, ಹೆರಿಗೆಯಲ್ಲಿ ರಕ್ತ ನಿಲ್ಲದೆ ಹೋಗಿತ್ತಾ, ಸೋದರಮಾವನಿಗೆ ಮಂಡಿ ಊದುತ್ತಿತ್ತಾ ಅಂತ ಕೇಳಿ ಬರೆಯುತ್ತೇನೆ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಯ ಅನುಮಾನವಿದ್ದರೆ ಸೊಂಟಕ್ಕೆ ಇಂಜೆಕ್ಷನ್ ಕೊಡಬೇಡಿ ಅಂತ ಕೆಂಪು ಶಾಯಿಯಲ್ಲಿ. ಆಯುಷ್ಮಾನ್ ಕಾರ್ಡಿನಲ್ಲಿ ಖಾಸಗಿ ಆಸ್ಪತ್ರೆಗೆ ಹೋಗುವವರನ್ನು ಮೊದಲು ತಾಲೂಕಾಸ್ಪತ್ರೆಗೆ ಕಳಿಸುತ್ತೇನೆ, ಅಲ್ಲಿಯ ರೆಫರಲ್ ಪತ್ರ ಇಲ್ಲದಿದ್ದರೆ ಕೌಂಟರಿನಲ್ಲಿ ನಿಲ್ಲಬೇಕಾಗುತ್ತದೆ.

ಹೋಗಿ ಬಂದ ಮೇಲೆ ಅಲ್ಲಿಯ ಕಾಗದವನ್ನು ನನಗೆ ತೋರಿಸಲೇಬೇಕು ಅನ್ನುತ್ತೇನೆ. ಸಿಎಮ್‌ಎಲ್ ಎಂಬ ರಕ್ತದ ಕ್ಯಾನ್ಸರ್ ಇರುವವರು ಇಮ್ಯಾಟಿನಿಬ್ ಮಾತ್ರೆ ನುಂಗುತ್ತಾ ಆರಾಮಾಗಿ ದುಡಿಯುತ್ತಾರೆ. ಅವರ ಸಿಬಿಸಿಯನ್ನು ಇಲ್ಲೇ ಮಾಡಿ ವರದಿ ವಾಟ್ಸಾಪಿನಲ್ಲಿ ಕಳಿಸುತ್ತೇವೆ, ಕಾಯಿಲೆ ಎಷ್ಟು ಉಳಿದಿದೆ ಅಂತ ತೋರಿಸುವ ಬಿಸಿಆರ್-ಎಬಿಎಲ್ ಪರೀಕ್ಷೆಗೆ ಮಾತ್ರ ಅವರು ಮಣಿಪಾಲಕ್ಕೆ ಹೋಗುತ್ತಾರೆ. ಹುಷಾರಾದೆ ಅಂತ ಮಾತ್ರೆ ಬಿಟ್ಟಿಲ್ಲ ತಾನೇ ಅಂತ ಪ್ರತಿ ಸಲವೂ ಕೇಳುತ್ತೇನೆ, ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ತರಲು ಹೇಳಿ ಎಣಿಸುತ್ತೇನೆ.