ದನದ ದೇಶದಲ್ಲಿ ಸಸ್ಯಾಹಾರಿ ಹೆಂಡತಿ ಜೊತೆ ಹೊಟ್ಟೆ ತುಂಬಾ ಉಂಡಿದ್ದು: ಉರುಗ್ವೆ, ನನ್ನ ಅನುಭವ

ದಕ್ಷಿಣ ಅಮೆರಿಕದ ಉರುಗ್ವೆಗೆ ಹೋಗುತ್ತೇವೆ ಅಂದಾಗ ತಿರುಗಾಟದ ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು. ಜನ ಇರೋದು 35 ಲಕ್ಷ, ದನ ಒಂದು ಕೋಟಿಗೂ ಜಾಸ್ತಿ, ಅಂಥ ಕಡೆ ಮಾಂಸ ಮುಟ್ಟದ ಹೆಂಡತೀನ ಕರ್ಕೊಂಡು ಹೋಗಿ ಏನು ತಿನ್ನಿಸ್ತೀಯಾ, ಅರ್ಧ ಸೂಟ್‌ಕೇಸ್ ಉಪ್ಪಿಟ್ಟಿನ ಪ್ಯಾಕೆಟ್ ತುಂಬ್ಕೊಂಡು ಹೋಗು ಅಂತ. ಅಲ್ಲಿಗೆ ಹೋಗಿ ಬಂದಿದ್ದ ಒಬ್ಬರು ಇನ್ನೂ ಖಚಿತವಾಗಿ ಹೇಳಿದರು, ಇಬ್ಬರು ಹೊರಗೆ ಉಣ್ಣಬೇಕಾದರೆ ದಿನಕ್ಕೆ 100 ಡಾಲರ್ ಎತ್ತಿಡು, ಕಡಿಮೆಗೆ ಆಗೋದೇ ಇಲ್ಲ ಅಂತ.

ನಾವು ಒಂದು ತಿಂಗಳ ಹತ್ತಿರ ಇದ್ದೆವು. ಪ್ಯಾಕೆಟ್ ಒಯ್ಯಲಿಲ್ಲ. ಮೊದಲ ವಾರ ಬಿಟ್ಟರೆ ಇಬ್ಬರ ಊಟ ತಿಂಡಿ ಎಲ್ಲ ಸೇರಿ ದಿನಕ್ಕೆ ಹತ್ತಿರ ಹತ್ತಿರ 2,000 ಪೇಸೊ ಆಯಿತು. ಒಂದು ಪೇಸೊಗೆ ಎರಡು ರೂಪಾಯಿ ಚಿಲ್ಲರೆ ಹಿಡಿದರೆ ನಾಲ್ಕು ಸಾವಿರದ ಮೇಲೆ ಸ್ವಲ್ಪ. ಅಗ್ಗ ಅಂತ ಹೇಳಲ್ಲ, ಉರುಗ್ವೆ ಅಗ್ಗದ ದೇಶ ಅಲ್ಲ. ಆದರೆ ಅವರು ಹೇಳಿದ್ದರ ಅರ್ಧದಷ್ಟು, ಅದೂ ಅಡುಗೆ ಮಾಡಿಕೊಳ್ಳದೆ. ಹೆಂಡತಿ ಮೊಟ್ಟೆ ತಿನ್ನುತ್ತಾಳೆ, ಮಾಂಸ ಮೀನು ಇಲ್ಲ. ನಾನು ಎಲ್ಲಾ ತಿನ್ನುತ್ತೇನೆ. ಲೆಕ್ಕ ಓದುವಾಗ ಇದು ನೆನಪಿರಲಿ.

ಮೊದಲ ವಾರ ದುಡ್ಡು ನೀರಿನ ಹಾಗೆ ಹೋಯಿತು. ನಮಗೆ ಹಸಿವಾಗೋದು ರಾತ್ರಿ ಏಳೂವರೆಗೆ. ರಾಜಧಾನಿ ಮಾಂಟೆವಿಡಿಯೊದಲ್ಲಿ ಆ ಹೊತ್ತಿಗೆ ಅಡುಗೆಮನೆ ಒಲೆಯೇ ಹಚ್ಚಿರಲ್ಲ, ಜನ ಊಟಕ್ಕೆ ಕೂರೋದು ಒಂಬತ್ತರ ಮೇಲೆ. ಬೇಗ ತೆರೆದಿರುವುದು ಹಳೇ ಪೇಟೆ ಸಿಯುದಾದ್ ವಿಯೆಹಾದಲ್ಲಿ ಪ್ರವಾಸಿಗರಿಗೆ ಅಂತಲೇ ಇರುವ ಜಾಗಗಳು. ಅಂಥ ಒಂದು ಕಡೆ ಇಬ್ಬರಿಗೆ 3,500 ಪೇಸೊ ಬಿಲ್ಲಾಯಿತು. ಅದರಲ್ಲಿ ಕುಬಿಯೆರ್ತೊ ಅಂತ ತಲೆಗೆ ನೂರಕ್ಕೂ ಜಾಸ್ತಿ, ಕೂತಿದ್ದಕ್ಕೂ ಬುಟ್ಟಿಯಲ್ಲಿ ಇಟ್ಟ ನಾಲ್ಕು ಚೂರು ಬ್ರೆಡ್ಡಿಗೂ. ಹೆಂಡತಿಗೆ ಸಿಕ್ಕಿದ್ದು ಲೆಟ್ಯೂಸ್, ಟೊಮೇಟೊ.

ಇನ್ನೊಂದು ತೊಂದರೆ ಹ್ಯಾಮ್, ಉಪ್ಪು ಹಾಕಿ ಹದಮಾಡಿದ ಹಂದಿ ಮಾಂಸ. 'ಸಿನ್ ಕಾರ್ನೆ' ಅಂದರೆ ಮಾಂಸ ಇಲ್ಲದ್ದು, ಆದರೆ ಅಲ್ಲಿ ಅದಕ್ಕೆ ಅರ್ಥ ದನದ ಮಾಂಸ ಬೇಡ ಅಂತ ಅಷ್ಟೇ. ಹ್ಯಾಮ್, ಕೋಳಿ, ಟ್ಯೂನಾ ಯಾವುದೂ ಅವರ ಲೆಕ್ಕದಲ್ಲಿ ಕಾರ್ನೆ ಅಲ್ಲ. ಪ್ರೀತಿಯಿಂದಲೇ ತಂದಿಡುತ್ತಾರೆ, ಒಳಗೆ ಹ್ಯಾಮ್ ಇರುತ್ತೆ. ಆಮೇಲೆ ನಾವು ಪೂರ್ತಿ ಪಟ್ಟಿ ಬಾಯಿಪಾಠ ಮಾಡಿದೆವು: ನಿ ಹಮೋನ್, ನಿ ಪಾನ್ಸೆತಾ, ನಿ ಪೊಷೊ, ನಿ ಪೆಸ್ಕಾದೊ, ನಿ ಅತೂನ್, ಅಂದರೆ ಹ್ಯಾಮ್, ಬೇಕನ್, ಕೋಳಿ, ಮೀನು, ಟ್ಯೂನಾ ಯಾವುದೂ ಬೇಡ ಅಂತ. ಇದನ್ನು ಒಂದೇ ಉಸಿರಿನಲ್ಲಿ ಹೇಳಿದರೆ ವೇಟರ್ ನಿಂತು ಯೋಚನೆ ಮಾಡುತ್ತಾನೆ, ಒಳಗೆ ಹೋಗಿ ಕೇಳಿಕೊಂಡು ಬರುತ್ತಾನೆ. ಅದು ಬೇಕಾಗಿದ್ದದ್ದು. ಕರೂಸೊ ಸಾಸ್ ಬಗ್ಗೆ ಮಾತ್ರ ಹುಷಾರು. ಮಾಂಟೆವಿಡಿಯೊದಲ್ಲೇ 1950ರ ದಶಕದಲ್ಲಿ ಹುಟ್ಟಿದ, ಎನ್ರಿಕೊ ಕರೂಸೊ ಎಂಬ ಗಾಯಕನ ಹೆಸರಿನ ಕೆನೆ ಸಾಸ್. ನೋಡೋಕೆ ಬೆಳ್ಳಗೆ, ಅಣಬೆ ಹಾಕಿರುತ್ತಾರೆ, ಸಸ್ಯಾಹಾರವೇ ಅನ್ನಿಸುತ್ತೆ. ಹ್ಯಾಮ್ ಇದ್ದೇ ಇರುತ್ತೆ, ಮಾಂಸದ ಸಾರವೂ ಸೇರಿರುತ್ತೆ.

ಎಲ್ಲ ಬದಲಾಗಿದ್ದು ಹೊತ್ತು ಬದಲಾಯಿಸಿದ ಮೇಲೆ. ದೊಡ್ಡ ಊಟ ಮಧ್ಯಾಹ್ನ, ಸಂಜೆ ಐದೂವರೆಗೆ ಏನೋ ಒಂದು, ರಾತ್ರಿ ಪಿಜ್ಜಾ ಅಂಗಡಿಯ ಕೌಂಟರಿನಲ್ಲಿ ಒಂದೆರಡು ತುಂಡು. ಇಷ್ಟೇ ವಿಧಾನ. ಕೇಳೋಕೆ ಸುಲಭ, ಆದರೆ ನಮ್ಮ ಹೊಟ್ಟೆ ಒಪ್ಪೋಕೆ ನಾಲ್ಕೈದು ದಿನ ಹಿಡಿಯಿತು.

ಮಧ್ಯಾಹ್ನಕ್ಕೆ ಮೆನು ಎಹೆಕುತಿವೊ. ಕಚೇರಿ ಜನ ಓಡಾಡುವ ಸೆಂತ್ರೊ, ಕೊರ್ದೋನ್ ಕಡೆ ಬಾರ್‌ಗಳ ಬಾಗಿಲಲ್ಲಿ ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ಒಂದು ಮುಖ್ಯ ತಿನಿಸು, ಕುಡಿಯೋಕೆ ಏನಾದರೂ, ಕೊನೆಗೆ ಸಿಹಿ ಇಲ್ಲಾ ಕಾಫಿ, 450ರಿಂದ 600 ಪೇಸೊ. ಅದೇ ಅಡುಗೆಯವರು ರಾತ್ರಿ ಅದೇ ತಟ್ಟೆಗೆ ಹೆಚ್ಚುಕಡಿಮೆ ಎರಡರಷ್ಟು ತಗೋತಾರೆ. ನಾನು ಮಿಲಾನೆಸಾ (ಬ್ರೆಡ್ ಪುಡಿ ಹಚ್ಚಿ ಕರಿದ ತೆಳು ಮಾಂಸ), ಪಾಸ್ತೆಲ್ ದೆ ಕಾರ್ನೆ (ಕೈಮದ ಮೇಲೆ ಆಲೂಗಡ್ಡೆ ಮುದ್ದೆ ಹಾಕಿ ಬೇಯಿಸಿದ್ದು), ಚಳಿ ದಿನ ಇದ್ದರೆ ಗಿಸೊ ಅನ್ನುವ ಗಟ್ಟಿ ಬೇಳೆ ಸಾರು, ಅದರಲ್ಲಿ ಚೊರಿಸೊ ಅನ್ನುವ ಸಾಸೇಜ್ ಇರುತ್ತೆ. ಹೆಂಡತಿ ಪಾಸ್ಕ್ವಾಲಿನಾ. ಪಾಲಕ್ ಇಲ್ಲಾ ಅಸೆಲ್ಗಾ ಸೊಪ್ಪು ಬೇಯಿಸಿ, ನೀರು ಹಿಂಡಿ, ಹಿಟ್ಟಿನ ಎರಡು ಪದರದ ನಡುವೆ ತುಂಬಿ, ಅಲ್ಲಲ್ಲಿ ಗುಳಿ ಮಾಡಿ ಮೊಟ್ಟೆ ಒಡೆದು ಹಾಕಿ ಬೇಯಿಸುತ್ತಾರೆ. ಕತ್ತರಿಸಿದಾಗ ಹಸಿರಿನ ಮಧ್ಯೆ ಹಳದಿ ಕಾಣುವ ತುಂಡು ಕೇಳಿ ತಗೊಳ್ಳಬೇಕು, ಅಂಚಿನ ತುಂಡಿನಲ್ಲಿ ಬರೀ ಹಿಟ್ಟು. ಹನ್ನೆರಡೂವರೆಗೇ ಹೋಗಿ. ಎರಡು ಗಂಟೆಗೆ ಹೋದರೆ ಪಾಸ್ಕ್ವಾಲಿನಾ ಮುಗಿದಿರುತ್ತೆ. ತಿಂಗಳ 29ಕ್ಕೆ ಎಲ್ಲೆಲ್ಲೂ ನ್ಯೋಕಿ, ಆಲೂಗಡ್ಡೆ ಹಿಟ್ಟಿನ ಉಂಡೆ, ತಟ್ಟೆ ಕೆಳಗೆ ನೋಟು ಇಟ್ಟು ತಿನ್ನುತ್ತಾರೆ, ಮುಂದಿನ ತಿಂಗಳು ದುಡ್ಡು ಬರಲಿ ಅಂತ. ಟೊಮೇಟೊ ಸಾಸಿನದ್ದು ಕೇಳಿದರೆ ಸಸ್ಯಾಹಾರಿಗೆ ಹಬ್ಬ. ನಾವೂ 50ರ ನೋಟು ಇಟ್ಟೆವು.

ರಾತ್ರಿಗೆ ಫಾಯ್ನಾ. ಕಡಲೆ ಹಿಟ್ಟು, ನೀರು, ಎಣ್ಣೆ, ಉಪ್ಪು, ಅಷ್ಟೇ. ಇಟಲಿಯ ಜೆನೊವಾ ಕಡೆಯಿಂದ ವಲಸೆ ಬಂದವರು ತಂದಿದ್ದು. ನಮ್ಮ ಕಡಲೆ ಹಿಟ್ಟಿನ ದೋಸೆಯನ್ನು ಬೆರಳಿನಷ್ಟು ದಪ್ಪ ಮಾಡಿ ಓವನ್‌ನಲ್ಲಿ ಬೇಯಿಸಿದ ಹಾಗೆ. ಸೌದೆ ಒಲೆಯ ದೊಡ್ಡ ತಟ್ಟೆಯಿಂದ ಕತ್ತರಿಸಿ ಕೊಡುತ್ತಾರೆ. 'ದೆ ಒರಿಶೊ' ಅಂತ ಕೇಳಿದರೆ ತೆಳ್ಳಗೆ ಗರಿಗರಿ ಅಂಚು, ಸುಮ್ನೆ ಕೇಳಿದರೆ ಮಧ್ಯದ ಮೆತ್ತನೆ ತುಂಡು. ಮೇಲೆ ಬಿಳಿ ಮೆಣಸಿನ ಪುಡಿ ಉದುರಿಸಿಕೊಳ್ಳಬೇಕು, ಡಬ್ಬಿ ಕೌಂಟರ್ ಮೇಲೇ ಇರುತ್ತೆ. ಜೊತೆಗೆ ಮುಸಾರೆಲಾ ಒಂದು ತುಂಡು. ಅಲ್ಲಿ ಬರೀ ಪಿಜ್ಜಾ ಅಂದರೆ ಚೀಸ್ ಇಲ್ಲದ, ಟೊಮೇಟೊ ಸಾಸ್ ಮಾತ್ರ ಬಳಿದ ತುಂಡು. ಚೀಸ್ ಬೇಕಾದರೆ ಮುಸಾರೆಲಾ ಅಂತಲೇ ಕೇಳಬೇಕು. ಇಬ್ಬರಿಗೂ ಹೊಟ್ಟೆ ತುಂಬಿ 500 ದಾಟುತ್ತಿರಲಿಲ್ಲ. ಕೌಂಟರಿನಲ್ಲಿ ನಿಂತು ತಿಂದರೆ ಕುಬಿಯೆರ್ತೊ ಇಲ್ಲ. ನಾವು ಪದೇ ಪದೇ ಹೋಗಿದ್ದ ಅಂಗಡಿ ಯಾವುದು ಅಂತ ಮಾತ್ರ ಹೇಳಲ್ಲ, ಎಂಟು ಜನ ನಿಲ್ಲುವಷ್ಟು ಜಾಗ ಇರೋದು.

ಫಾಯ್ನಾ ತಿಂದು ತಿಂದು ಬಾಡಿಗೆ ಮನೆಯ ಓವನ್‌ನಲ್ಲಿ ಮಾಡಿ ನೋಡುವ ಹುಚ್ಚು ಬಂತು. ಸೂಪರ್ ಮಾರ್ಕೆಟಿನಲ್ಲಿ ಹಿಟ್ಟು ಸಿಗುತ್ತೆ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು ಹಾಕಿದ್ದು ಇಟ್ಟಿಗೆ ಆಯಿತು. ಮೂರು ಲೋಟದ ಹತ್ತಿರ ಬಂದಾಗ ಸರಿ ಬಂತು, ಕಲಸಿ ಮೂರ್ನಾಲ್ಕು ಗಂಟೆ ಬಿಡಬೇಕು, ಮೇಲೆ ಬರುವ ನೊರೆ ತೆಗೀಬೇಕು. ತಟ್ಟೆಗೆ ಎಣ್ಣೆ ಹಾಕಿ, ತಟ್ಟೆ ಕಾಯ್ದ ಮೇಲೇ ಹಿಟ್ಟು ಸುರೀಬೇಕು. ತಳ ಹಿಡಿಯದೆ ಅಂಚು ಏಳೋಕೆ ಇನ್ನೊಂದು ಕೆಲಸ ಮಾಡುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಜೀರಿಗೆ ಹಾಕಿದ್ದು ನಮ್ಮ ಮನೆ ಓನರ್ ಅಮ್ಮನಿಗೆ ತುಂಬ ಇಷ್ಟವಾಯಿತು, ಹಿಟ್ಟಿನ ಅಳತೆ ಬರೆಸಿಕೊಂಡರು. ಉರುಗ್ವೆಯವರಿಗೆ ಫಾಯ್ನಾ ಹೇಳಿಕೊಟ್ಟವನು ಅಂತ ನಾನು ಈಗಲೂ ಹೇಳಿಕೊಳ್ಳುತ್ತೇನೆ. ಬೆಂಗಳೂರಿಗೆ ಬಂದು ನಮ್ಮ ಕಡಲೆ ಹಿಟ್ಟಿನಲ್ಲಿ ಮಾಡಿದಾಗ ರುಚಿ ಬೇರೆ. ಅವರದ್ದು ಕಾಬೂಲ್ ಕಡಲೆ.

ಪರಿಶಾ ಬಿಟ್ಟು ಉರುಗ್ವೆ ಊಟ ಅನ್ನೋಕಾಗಲ್ಲ, ಅಲ್ವಾ. ಕಂಬಿ ಮೇಲೆ ಸುಡುವ ಮಾಂಸ. ಮೆರ್ಕಾದೊ ದೆಲ್ ಪುಯೆರ್ತೊ, 1868ರ ಕಬ್ಬಿಣದ ಮಾರುಕಟ್ಟೆ, ನೋಡಲೇಬೇಕಾದ ಜಾಗ. ಅಲ್ಲಿ ಮೆದಿಯೊ ಇ ಮೆದಿಯೊ, ಅಂದರೆ ಬಿಳಿ ವೈನ್ ಮತ್ತು ನೊರೆ ವೈನ್ ಬೆರೆಸಿದ್ದು, ಒಂದು ಲೋಟ ಕುಡಿದು ಎದ್ದು ಬಂದೆವು. ಉಂಡಿದ್ದು ಬಡಾವಣೆಯ ಪರಿಶಾದಲ್ಲಿ, ವಾರಕ್ಕೊಂದು ಸಲ, ಮಧ್ಯಾಹ್ನ. ಇದ್ದಿಲು ಹಾಕಲ್ಲ, ಸೌದೆ. ಪಕ್ಕದಲ್ಲಿ ಕಬ್ಬಿಣದ ಬುಟ್ಟಿಯಲ್ಲಿ ಕಟ್ಟಿಗೆ ಉರಿಯುತ್ತಾ ಇರುತ್ತೆ, ಕೆಳಗೆ ಬಿದ್ದ ಕೆಂಡವನ್ನು ಸುಡುವವನು ಉದ್ದ ಸಲಾಕೆಯಿಂದ ಎಳೆದು ಓರೆಯಾಗಿ ನಿಂತ ಕಂಬಿಗಳ ಅಡಿಗೆ ತಳ್ಳುತ್ತಾನೆ, ಇಷ್ಟು ಇಲ್ಲಿ, ಅಷ್ಟು ಅಲ್ಲಿ. ಜ್ವಾಲೆ ಮಾಂಸಕ್ಕೆ ತಾಗಲ್ಲ. ಅವನ ಎದುರಿನ ಸ್ಟೂಲ್ ಸಿಕ್ಕರೆ ಬಿಡಬೇಡಿ.

ನಾನು ಅರ್ಧ ಪೋರ್ಷನ್ ಅಸಾದೊ ದೆ ತಿರಾ, ಅಡ್ಡಕ್ಕೆ ಕತ್ತರಿಸಿದ ಪಕ್ಕೆಲುಬು, ಮತ್ತೆ ಒಣದ್ರಾಕ್ಷಿ ಹಾಕಿದ ಸಿಹಿ ಮೊರ್ಸಿಶಾ, ಅಂದರೆ ರಕ್ತದ ಸಾಸೇಜ್, ಒಂದು. ಅರ್ಧ ಪೋರ್ಷನ್ ಮೆನುವಿನಲ್ಲಿ ಬರೆದಿರಲ್ಲ, ಕೇಳಿದರೆ ಎಷ್ಟೋ ಕಡೆ ಕೊಟ್ಟರು. ಹೆಂಡತಿಗೆ ಪ್ರೊವೊಲೋನೆ ಚೀಸ್, ಕೆಂಡದಲ್ಲಿ ಹೂತು ಬೇಯಿಸಿದ ಗೆಣಸು. ಚೀಸನ್ನು ಸಣ್ಣ ಕಬ್ಬಿಣದ ಬಾಣಲೆಯಲ್ಲಿ ಕಾಯಿಸಿ ಕೊಡಿ ಅಂತ ಮೊದಲೇ ಹೇಳುತ್ತಿದ್ದೆವು, ಮಾಂಸದ ಕಂಬಿಗೆ ತಾಗಬಾರದು ಅಂತ. ಗೆಣಸು ಫಾಯಿಲ್ ಸುತ್ತಿಯೇ ಬರುತ್ತೆ. ತನ್ನಾತ್ ಅನ್ನುವ ಕೆಂಪು ವೈನ್, ಆ ಹೋಟೆಲಿನದ್ದೇ, ಒಂದು ಜಗ್ ಸೇರಿ 1,700 ಆಸುಪಾಸು. ಮೇಜಿನ ಮೇಲೆ ಉಪ್ಪಿನ ಡಬ್ಬಿ ಇರಲ್ಲ, ಮಾಂಟೆವಿಡಿಯೊದ ನಿಯಮ ಅದು, ಕೇಳಿದರೆ ತರುತ್ತಾರೆ.

ಚಿವಿತೊ ತಟ್ಟೆ ಒಂದನ್ನು ಇಬ್ಬರೂ ಹಂಚಿಕೊಳ್ಳುವ ಪ್ರಯೋಗವೂ ಮಾಡಿದೆವು, ಮಾಂಸ ನನಗೆ, ಮೊಟ್ಟೆ ಫ್ರೈಸ್ ಅವಳಿಗೆ ಅಂತ. ಕೆಲಸ ಮಾಡಲಿಲ್ಲ. ತೆಳು ಮಾಂಸ, ಹ್ಯಾಮ್, ಚೀಸ್, ಮೊಟ್ಟೆ ಒಂದರ ಮೇಲೊಂದು ಕೂತಿರುತ್ತೆ, ರಸ ಎಲ್ಲದಕ್ಕೂ ಇಳಿದಿರುತ್ತೆ. 700 ಪೇಸೊ ಪೂರ್ತಿ ನಾನೇ ತಿಂದೆ.

ಕಾಣದ ಕೊಬ್ಬಿನ ಬಗ್ಗೆ ಹೇಳಲೇಬೇಕು. ಮಳೆ ಬಂದ ದಿನ ಉರುಗ್ವೆಯಲ್ಲಿ ತೋರ್ತಾ ಫ್ರೀತಾ ಕರಿಯುತ್ತಾರೆ, ನಾವಿದ್ದಾಗ ಬೀದಿಯಲ್ಲಿ 50 ಪೇಸೊ ಒಳಗೆ ಸಿಗುತ್ತಿತ್ತು, ನೋಡೋಕೆ ಬರೀ ಮೈದಾ. ದನದ ಕೊಬ್ಬಿನಲ್ಲೇ ಕಲಸಿ ಕರಿಯೋದು ರೂಢಿ. ಬೇಕರಿಯ ಬಿಸ್ಕೋಚೊ ಅನ್ನುವ ಸಣ್ಣ ಬನ್ನುಗಳಲ್ಲೂ ಎಷ್ಟೋ ಸಲ ಅದೇ. ಕಟ್ಟುನಿಟ್ಟಿನವರು ಪಾಸ್ಕ್ವಾಲಿನಾದ ಹಿಟ್ಟಿನ ಬಗ್ಗೆಯೂ ಕೇಳಿಕೊಳ್ಳಿ. ಸಂಜೆಗೆ ನಾವು ಆರಿಸಿಕೊಂಡಿದ್ದು ಬ್ರೆಡ್, ಕೊಲೊನಿಯಾ ಚೀಸ್, ದುಲ್ಸೆ ದೆ ಲೆಚೆ ಅಂದರೆ ಹಾಲು ಸಕ್ಕರೆ ಕಾಯಿಸಿ ಮಾಡಿದ ಕ್ಯಾರಮೆಲ್. ಆ ಚೀಸ್ 1862ರಲ್ಲಿ ಸ್ವಿಸ್ ಜನ ಕಟ್ಟಿದ ನುಯೆವಾ ಎಲ್ವೆಸಿಯಾ ಕಡೆಯದ್ದು, ತೂಕಕ್ಕೆ ಕೊಡುತ್ತಾರೆ. ಅದರ ಮೇಲೆ ಮೆಂಬ್ರಿಶೊ, ಅಂದರೆ ಕ್ವಿನ್ಸ್ ಹಣ್ಣಿನ ಗಟ್ಟಿ ಸಿಹಿ, ಇಟ್ಟು ತಿನ್ನಿ.

ದುಡ್ಡಿನ ದೊಡ್ಡ ಉಳಿತಾಯ ಕಾರ್ಡಿನಲ್ಲಿ. ವಿದೇಶಿ ಕಾರ್ಡಿನಲ್ಲಿ ಕೊಡುವ ಪ್ರವಾಸಿಗರಿಗೆ ಹೋಟೆಲ್ ಊಟದ ವ್ಯಾಟ್ ಬಿಡುವ ಯೋಜನೆ ನಾವಿದ್ದಾಗ ನಡೆಯುತ್ತಿತ್ತು. ಹೋಗುವ ಮುಂಚೆ ಈಗ ಇದೆಯಾ ನೋಡಿಕೊಳ್ಳಿ, ಆಗಾಗ ಅವಧಿ ಮುಂದಕ್ಕೆ ಹಾಕುತ್ತಾರೆ. ವ್ಯಾಟ್ 22 ಪರ್ಸೆಂಟ್, ಆದರೆ ಅದು ಬೆಲೆಯ ಒಳಗೇ ಸೇರಿರೋದರಿಂದ ಬಿಲ್ಲಿನಲ್ಲಿ ಇಳಿಯೋದು 18 ಪರ್ಸೆಂಟ್. ಸ್ಲಿಪ್‌ನಲ್ಲೇ ಕಳೆದು ಬರುತ್ತೆ, ಫಾರ್ಮ್ ಗೀರ್ಮ್ ಏನೂ ಇಲ್ಲ. ನಮ್ಮ ಕ್ರೆಡಿಟ್ ಕಾರ್ಡ್ ಮೂರೂವರೆ ಪರ್ಸೆಂಟ್ ಮಾರ್ಕಪ್ ತಿಂದರೂ ಲಾಭವೇ. ಒಂದು ಕಡೆ ಮೆಷಿನ್ ಕೆಟ್ಟಿದೆ, ಕ್ಯಾಶ್ ಕೊಡಿ ಅಂದರು, ಸುಮಾರು 400 ಪೇಸೊ ಹೋಯಿತು. ಅಲ್ಲಿಂದಾಚೆ ಕೂರುವ ಮುಂಚೆಯೇ ಕಾರ್ಡ್ ತೋರಿಸಿ ಕೇಳುತ್ತಿದ್ದೆ. ಟಿಪ್ಸ್ 10 ಪರ್ಸೆಂಟ್, ಅದು ಬೇರೆ.

ದೇಶದ ಪೂರ್ವದ ರೋಚಾ ಕರಾವಳಿಗೆ ಹೋಗುವವರು ಬುನ್ಯುವೆಲೊಸ್ ದೆ ಅಲ್ಗಾಸ್ ಬಿಡಬೇಡಿ, ಕಡಲ ಪಾಚಿಯ ಬೋಂಡಾ. ಪುಂತಾ ದೆಲ್ ದಿಯಾಬ್ಲೊದಲ್ಲಿ ಬಿಸಿ ಬಿಸಿ ಸಿಕ್ಕಿತು, ಹೆಂಡತಿ ಎರಡು ಪ್ಲೇಟ್ ಮುಗಿಸಿ ಮೂರನೆಯದು ಕಟ್ಟಿಸಿಕೊಂಡಳು. ಎಣ್ಣೆ ಯಾವುದು ಅಂತ ಕೇಳಿಕೊಳ್ಳಿ. ಬೇಸಿಗೆ ರಜೆ, ಅಂದರೆ ಜನವರಿ ಫೆಬ್ರವರಿ, ಮುಗಿದ ಮೇಲೆ ಆ ಕಡೆ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತವೆ, ಹಾಗಾಗಿ ಆಮೇಲೆ ಹೋಗುವುದಾದರೆ ಬಸ್ ಹತ್ತುವ ಮುಂಚೆ ಚೀಸ್, ಬ್ರೆಡ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ.