ಒಂದು ಉದ್ಧರಣೆ ತೀರ್ಥ

ನಮ್ಮ ಯಜಮಾನರ ಎರಡೂ ಮೂತ್ರಪಿಂಡಗಳು ಸೋತಿವೆ ಎಂದು ವೈದ್ಯರು ಹೇಳಿದ್ದು 2022ರಲ್ಲಿ. ಅಂದಿನಿಂದ ಮಂಗಳವಾರ, ಗುರುವಾರ, ಶನಿವಾರ ಬೆಳಗಿನ ರೈಲಿಗೆ ಮಂಡ್ಯ ಬಿಟ್ಟು, ಮೈಸೂರಿನ ಆಸ್ಪತ್ರೆಯಲ್ಲಿ ಯಂತ್ರದಿಂದ ರಕ್ತ ಶುದ್ಧಿ ಮಾಡುವ ನಾಲ್ಕು ಗಂಟೆಯ ಡಯಾಲಿಸಿಸ್ ಮುಗಿಸಿಕೊಂಡು ಸಂಜೆಗೆ ಮರಳುವುದೇ ನಮ್ಮ ಬದುಕಾಗಿದೆ. ವಿಶ್ವೇಶ್ವರಯ್ಯ ನಾಲೆಯ ನೀರು ಹಾಯಿಸಿ ಕಬ್ಬು ಬೆಳೆದವರಿಗೆ, ಕುಡಿದ ನೀರು ಮೈಯಲ್ಲೇ ಉಳಿಯುತ್ತದೆಂದು, ನಾನು ಲೋಟದಲ್ಲಿ ಗೆರೆ ಹಾಕಿ ನೀರು ಕೊಡಬೇಕಾಯಿತು. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತಕ್ಕೇ ಅಪಾಯವೆಂದು ಎಳನೀರು ನಿಂತಿತು, ಬಾಳೆಹಣ್ಣೂ ನಿಂತಿತು. ರೈಲು ಶ್ರೀರಂಗಪಟ್ಟಣದ ಬಳಿ ಕಾವೇರಿಯನ್ನು ದಾಟುವಾಗ ಅವರು ಕಿಟಕಿಯಿಂದ ಮುಖ ತಿರುಗಿಸಿಕೊಳ್ಳುತ್ತಿದ್ದುದನ್ನು ನೋಡಿ ನನ್ನ ಕರುಳು ಹಿಂಡಿದಂತಾಗುತ್ತಿತ್ತು.

ಮೊದಲ ಆರು ತಿಂಗಳು ನಾನು ಮಾಡಿದ್ದು ಭಕ್ತಿಯಲ್ಲ, ಚೌಕಾಸಿ. ಗಂಜಾಂನ ನಿಮಿಷಾಂಬ ತಾಯಿ ನಿಮಿಷದಲ್ಲಿ ಕಷ್ಟ ಕಳೆಯುತ್ತಾಳೆಂಬ ನಂಬಿಕೆ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಇದೆ. ಅಲ್ಲಿ ಹರಕೆ ಹೊತ್ತು, ಮುಂದಿನ ರಕ್ತಪರೀಕ್ಷೆಯ ಚೀಟಿಯಲ್ಲಿ, ಮೂತ್ರಪಿಂಡ ಸೋತಾಗ ರಕ್ತದಲ್ಲಿ ಏರುವ ಕಶ್ಮಲವಾದ ಕ್ರಿಯಾಟಿನಿನ್ ಇಳಿದಿದೆಯೇ ಎಂದು ನೋಡುತ್ತಿದ್ದೆ. ಇಳಿದಿರದಿದ್ದರೆ ದೇವರ ಮೇಲೆ ಸಿಟ್ಟು, ಸಿಟ್ಟು ಬಂದುದಕ್ಕೆ ಭಯ, ಎರಡೂ ಸೇರಿ ನಿದ್ದೆಯಿಲ್ಲದ ರಾತ್ರಿ.

ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನಲ್ಲಿ ಮಳವಳ್ಳಿ ಕಡೆಯ ಹಿರಿಯ ತಾಯಿಯೊಬ್ಬರು ನನ್ನ ಪಕ್ಕದಲ್ಲಿ ಕೂರುತ್ತಿದ್ದರು. ಅವರ ಮಗನಿಗೂ ಇದೇ ಕಾಯಿಲೆ. ಒಂದು ದಿನ ನನ್ನ ಅಳಲನ್ನೆಲ್ಲ ಕೇಳಿಸಿಕೊಂಡು, ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಕೈಗಿಟ್ಟು, "ಕೊಡು ಕೊಡು ಅಂತ ಕೇಳ್ಕಂಡೇ ಕೂತ್ರೆ ಅವಳ ಮೊಕ ನೋಡೋದ್ಯಾವಾಗ ಕಣವ್ವ?" ಎಂದರು. ಪ್ರವಚನಗಳಿಗೆ ಹೋಗಿ ಬಂದವಳು ನಾನು. ಆದರೆ ನನ್ನೊಳಗೆ ಇಳಿದದ್ದು ಆ ಒಂದು ಮಾತು.

ಅಂದಿನಿಂದ ಕೇಳುವುದನ್ನು ಬಿಟ್ಟೆ. ಯಂತ್ರ ಶುರುವಾದ ಮೇಲೆ ಬೆಂಚಿನಲ್ಲಿ ಕುಳಿತು, ಸೆರಗಿನೊಳಗೆ ಜಪಮಣಿ ಹಿಡಿದು, ತಾಯಿಯ ಹೆಸರನ್ನು 108 ಸಲ ಹೇಳುತ್ತೇನೆ. ಆಮೇಲೆ ಕಣ್ಣು ತೆರೆದು ಸುತ್ತ ಇರುವವರನ್ನು ನೋಡುತ್ತೇನೆ, ಯಾರಿಗಾದರೂ ಔಷಧಿ ತರಬೇಕಿದ್ದರೆ ಎದ್ದು ಹೋಗುತ್ತೇನೆ, ಮತ್ತೆ ಬಂದು ಇನ್ನೊಂದು ಸುತ್ತು ಹೇಳುತ್ತೇನೆ. ಮೊದಮೊದಲು ಹತ್ತು ಮಣಿ ದಾಟುವಷ್ಟರಲ್ಲಿ ಮನಸ್ಸು ಸಾಲದ ಲೆಕ್ಕಕ್ಕೆ ಓಡುತ್ತಿತ್ತು, ಈಗಲೂ ಕೆಲವು ದಿನ ಓಡುತ್ತದೆ. ಆಗ ಬಿಟ್ಟುಹೋದ ಮಣಿಯಿಂದಲೇ ಮುಂದುವರಿಸುತ್ತೇನೆ. ಚೀಟಿಯಲ್ಲಿನ ಅಂಕಿ ಏರಲಿ ಇಳಿಯಲಿ, ಜಪ ಒಂದೇ ಆಗಿರುವುದರಿಂದ, ಚೀಟಿ ಕೈಗೆ ಬಂದಾಗ ಕಾಲ ಕೆಳಗಿನ ನೆಲ ಮೊದಲಿನಂತೆ ಕುಸಿಯುವುದಿಲ್ಲ.

ದೇವರನ್ನು ನಂಬಿದ ಮೇಲೆ ಯಂತ್ರವೇಕೆ, ವ್ರತ ಹಿಡಿದು ಬೇರಿನ ಕಷಾಯ ಕುಡಿಸಿದರೆ ಸಾಕು ಎಂದ ಬಂಧುಗಳಿದ್ದರು. ಅವರಿಗೆ ಕೈಮುಗಿದು, ಆಗುವುದಿಲ್ಲ ಎಂದೆ. ಎರಡು ಡಯಾಲಿಸಿಸ್‌ಗಳ ನಡುವೆ ಏರುವ ತೂಕ ಬಹುಮಟ್ಟಿಗೆ ನೀರೇ. ಅದನ್ನು ತೆಗೆಯದಿದ್ದರೆ ಶ್ವಾಸಕೋಶಕ್ಕೆ ತುಂಬಿ ಉಸಿರು ಕಟ್ಟುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡವಳು. ಜಪ ನನಗೆ, ಯಂತ್ರ ಯಜಮಾನರಿಗೆ. ಒಂದು ಇನ್ನೊಂದರ ಕೆಲಸ ಮಾಡಬೇಕೆಂದು ನಾನು ಬಯಸಿಲ್ಲ.

ಅವರ ಎಡಗೈ ಮಣಿಕಟ್ಟಿನ ಮೇಲ್ಭಾಗದಲ್ಲಿ, ಡಯಾಲಿಸಿಸ್ ಸೂಜಿ ಚುಚ್ಚಲೆಂದು, ರಕ್ತನಾಳಗಳೆರಡನ್ನು ಸೇರಿಸಿ ಫಿಸ್ಟುಲಾ ಮಾಡಿದ್ದಾರೆ. ಅಲ್ಲಿ ಬೆರಳಿಟ್ಟರೆ, ಮುಷ್ಟಿಯಲ್ಲಿ ದುಂಬಿಯನ್ನು ಹಿಡಿದಂತೆ ಝುಂ ಎನ್ನುವ ಕಂಪನ ಸಿಗಬೇಕು. ಸಿಗದಿದ್ದರೆ ಕೂಡಲೇ ಆಸ್ಪತ್ರೆಗೆ ಬರಬೇಕೆಂದು ನರ್ಸ್ ಕಲಿಸಿದ್ದಾರೆ. ಬೆಳಗ್ಗೆ ಅವರು ಏಳುವ ಮೊದಲೇ ನಾನು ಅಲ್ಲಿ ಬೆರಳಿಟ್ಟು ಆ ಕಂಪನವನ್ನು ಕೇಳಿ, ಅನಂತರವೇ ದೇವರ ದೀಪ ಹಚ್ಚುತ್ತೇನೆ. ದಿನದ ಮೊದಲ ಪೂಜೆ ಯಾವುದು ಎಂದು ಯಾರಾದರೂ ಕೇಳಿದರೆ, ಆ ಕೈಯನ್ನೇ ತೋರಿಸುತ್ತೇನೆ.

ಕಳೆದ ತಿಂಗಳು ಬಿಡುವಿನ ದಿನವೊಂದರಲ್ಲಿ ಇಬ್ಬರೂ ಗಂಜಾಂಗೆ ಹೋಗಿದ್ದೆವು. ಅರ್ಚಕರು ತೀರ್ಥ ಕೊಡಲು ಬಂದಾಗ ಯಜಮಾನರು ಕೈ ಚಾಚದೆ ನನ್ನ ಮುಖ ನೋಡಿದರು. ತೆಗೆದುಕೊಳ್ಳಿ ಎಂದೆ. ಅವರು ಕಣ್ಣುಮುಚ್ಚಿ, ಬಹಳ ನಿಧಾನವಾಗಿ ಕುಡಿದು, ಒದ್ದೆ ಅಂಗೈಯನ್ನು ತಲೆಗೆ ಸವರಿಕೊಂಡರು. ಮನೆಗೆ ಬಂದು ಆ ದಿನದ ನೀರಿನ ಲೆಕ್ಕದ ಪುಸ್ತಕದಲ್ಲಿ ಮೊದಲ ಸಾಲಿಗೆ ಬರೆದೆ: ತೀರ್ಥ, ಒಂದು ಉದ್ಧರಣೆ.