ಎರಡು ದಿನಕ್ಕೆ ಮಂಗಳೂರು: ಸೆಕೆಯ ಲೆಕ್ಕ ಹಾಕಿಕೊಂಡು ಹೊರಡುವ ಬಗೆ

ವಾರಾಂತ್ಯಕ್ಕೆಂದು ಬೆಂಗಳೂರಿನಿಂದ ಮಂಗಳೂರಿಗೆ ಬರುವವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಹತ್ತು ಹನ್ನೆರಡು ಜಾಗಗಳಿರುತ್ತವೆ, ಗಂಟೆಗಳ ಲೆಕ್ಕ ಮಾತ್ರ ಇರುವುದಿಲ್ಲ. ಕರಾವಳಿಯಲ್ಲಿ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಬಿಸಿಲಿಗಿಂತ ಹೆಚ್ಚಾಗಿ ಸೆಕೆಯೇ ಮನುಷ್ಯನನ್ನು ಹಣ್ಣು ಮಾಡುತ್ತದೆ. ಹಾಗಾಗಿ ಎರಡು ದಿನದ ಪ್ರವಾಸದಲ್ಲಿ ತಿರುಗಾಟಕ್ಕೆ ಸಿಗುವುದು ಎರಡು ಮುಂಜಾನೆ ಮತ್ತು ಎರಡು ಸಂಜೆ ಎಂದುಕೊಂಡೇ ಯೋಜನೆ ಹಾಕಬೇಕು. ನಡುಹಗಲನ್ನು ಊಟಕ್ಕೆ, ನಿದ್ದೆಗೆ ಅಥವಾ ಸೂರಿನಡಿಯ ಜಾಗಗಳಿಗೆ ಬಿಟ್ಟುಬಿಡಬೇಕು.

ಮೊದಲ ನಿರ್ಧಾರ ತಿಂಗಳಿನದು. ನವೆಂಬರಿನಿಂದ ಫೆಬ್ರುವರಿಯವರೆಗೆ ಸೆಕೆ ತಕ್ಕಮಟ್ಟಿಗೆ ಹದದಲ್ಲಿರುತ್ತದೆ, ಕಡಲೂ ಶಾಂತವಾಗಿರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಮಕ್ಕಳ ರಜೆಯ ಒತ್ತಾಯವಿಲ್ಲದಿದ್ದರೆ ಬಾರದಿರುವುದೇ ಒಳ್ಳೆಯದು. ನವರಾತ್ರಿಯ ಸಮಯದಲ್ಲಿ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದ ದಸರಾ ನೋಡುವ ಆಸೆಯಿದ್ದವರು ಕೋಣೆಯನ್ನು ಬಹಳ ಮುಂಚಿತವಾಗಿ ಕಾದಿರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ನೋಡಲು ಚೆಂದವೇ, ಆದರೆ ಆಗ ನೀರಿಗಿಳಿಯುವ ಮಾತೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ತಾಜಾ ಮೀನು ಕಡಿಮೆಯಾಗಿ ಬೆಲೆ ಏರುತ್ತದೆ. ಮೀನಿನೂಟಕ್ಕೆಂದೇ ಹೊರಡುವವರು ಈ ಎರಡು ತಿಂಗಳುಗಳನ್ನು ಬಿಡುವುದು ವಾಸಿ.

ದೂರ ಸುಮಾರು 350 ಕಿಲೋಮೀಟರ್ ಆದರೂ ಪ್ರಯಾಣದ ಅವಧಿಯನ್ನು ತೀರ್ಮಾನಿಸುವುದು ಶಿರಾಡಿ ಘಾಟಿ. ಮಳೆಗಾಲದಲ್ಲಿ ಅಲ್ಲಿ ಗುಡ್ಡ ಜರಿದು ಸಂಚಾರ ನಿಲ್ಲುವುದು ಹೊಸತೇನಲ್ಲ, ಮತ್ತು 2024ರ ಜುಲೈನಲ್ಲಿ ಸಕಲೇಶಪುರದಾಚೆ ರೈಲು ಹಳಿಯ ಬದಿಯೂ ಕುಸಿದು ಹಲವು ದಿನ ರೈಲುಗಳು ಓಡಲಿಲ್ಲ. ಆದ್ದರಿಂದ ಆ ತಿಂಗಳುಗಳಲ್ಲಿ ಹೊರಡುವ ದಿನ ಘಾಟಿಯ ಸುದ್ದಿ ನೋಡಿಕೊಂಡೇ ಚೀಲ ಕಟ್ಟಬೇಕು. 2021ರಲ್ಲಿ ಈ ಮಾರ್ಗದ ಹಗಲು ರೈಲಿಗೆ ಜೋಡಿಸಿದ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಗಳಿಂದ ಘಾಟಿಯ ಸುರಂಗಗಳನ್ನೂ ಕಣಿವೆಗಳನ್ನೂ ನೋಡುವುದು ಸೊಗಸೇ ಸರಿ, ಆದರೆ ಅದು ಒಂದು ಹಗಲನ್ನು ನುಂಗುತ್ತದೆ. ಸೋಮವಾರವೂ ರಜೆ ಹಾಕಬಲ್ಲವರು ಹಿಂದಿರುಗುವಾಗ ಅದನ್ನು ಇಟ್ಟುಕೊಳ್ಳಲಿ. ಉಳಿದವರಿಗೆ ಶುಕ್ರವಾರ ರಾತ್ರಿಯ ಬಸ್ಸು ಅಥವಾ ರೈಲೇ ಸರಿ.

ಕಡಲ ತೀರದಲ್ಲೇ ತಂಗಬೇಕೆಂಬ ಹಟ ಬೇಡ ಎಂಬುದು ನನ್ನ ಅಭಿಪ್ರಾಯ. ಪಣಂಬೂರು, ತಣ್ಣೀರುಬಾವಿ, ಉಳ್ಳಾಲ ಯಾವುದೂ ನಗರದಿಂದ ದೂರವಿಲ್ಲ. ಹಂಪನಕಟ್ಟೆ, ಬಲ್ಮಠ ಅಥವಾ ಕದ್ರಿಯ ಆಸುಪಾಸಿನಲ್ಲಿ ಕೋಣೆ ಹಿಡಿದರೆ ಊಟ, ಬಸ್ಸು, ಆಟೋ ಎಲ್ಲವೂ ಕಾಲಬುಡದಲ್ಲೇ ಸಿಗುತ್ತವೆ. ಸ್ಟೇಟ್ ಬ್ಯಾಂಕ್ ಎಂದು ಎಲ್ಲರೂ ಕರೆಯುವ ನಿಲ್ದಾಣದಿಂದ ನಗರದ ಎಲ್ಲ ದಿಕ್ಕಿಗೂ ಖಾಸಗಿ ಬಸ್ಸುಗಳು ಹೊರಡುತ್ತವೆ. ರಾತ್ರಿ ಪ್ರಯಾಣ ಮಾಡಿ ಬೆಳಿಗ್ಗೆ ಆರಕ್ಕೆ ಬಂದಿಳಿದವರಿಗೆ ಆ ಹೊತ್ತಿನಲ್ಲೇ ಕೋಣೆ ಕೊಡುತ್ತಾರೆಯೇ ಎಂಬುದನ್ನು ಕಾದಿರಿಸುವಾಗಲೇ ಫೋನಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು; ಮಧ್ಯಾಹ್ನದವರೆಗೆ ಸ್ನಾನವಿಲ್ಲದೆ ಕಾದು ಕುಳಿತರೆ ನಾಲ್ಕು ಹೊತ್ತಿನಲ್ಲಿ ಒಂದು ಹೊತ್ತು ಕೈಬಿಟ್ಟಂತೆಯೇ.

ಶನಿವಾರ ಬೆಳಿಗ್ಗೆ ಬನ್ಸ್, ನೀರುದೋಸೆ ಮುಗಿಸಿ ಕದ್ರಿ ಮಂಜುನಾಥ ದೇವಸ್ಥಾನಕ್ಕೆ ಹೋಗಬೇಕು. ಅಲ್ಲಿನ ಲೋಕೇಶ್ವರನ ಕಂಚಿನ ವಿಗ್ರಹವನ್ನು ಅವಸರದಲ್ಲಿ ದಾಟಿ ಹೋಗಬಾರದು: ಆಳುಪರ ಅರಸ ಕುಂದವರ್ಮನ ಕಾಲದ, ಕ್ರಿ.ಶ. 968ರ ಶಾಸನ ಅದರ ಪೀಠದ ಮೇಲಿದೆ. ಬಿಸಿಲು ಏರುವ ಹೊತ್ತಿಗೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿನ ಒಳಗಿರುವುದು ಜಾಣತನ. ಇಟಲಿಯ ಜೆಸ್ವಿತ್ ಕಲಾವಿದ ಆಂಟೋನಿಯೋ ಮೊಸ್ಕೇನಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದರ ಗೋಡೆ ಮತ್ತು ಚಾವಣಿಗಳನ್ನು ಚಿತ್ರಗಳಿಂದ ತುಂಬಿದರು. ಭಾನುವಾರ ಪೂಜೆಯ ವೇಳೆಗೆ ಅಡ್ಡಿಯಾಗದಂತೆ ಇದನ್ನು ಶನಿವಾರವೇ ಮುಗಿಸಿಕೊಳ್ಳುವುದು ಒಳ್ಳೆಯದು.

ಮೀನಿನೂಟಕ್ಕೆ ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಹೋಗಬೇಕು. ಮೂರರ ಹೊತ್ತಿಗೆ ಬಂಗುಡೆ ಮೀನಿನ ಹುಳಿಖಾರದ ಸಾರು ಪುಳಿಮುಂಚಿ ತಳ ಕಂಡಿರುತ್ತದೆ, ಒಳ್ಳೆಯ ಕಾಣೆ ಮೀನು ಮುಗಿದಿರುತ್ತದೆ. ರವೆ ಹಚ್ಚಿ ಕಾಯಿಸಿದ ಕಾಣೆ ಮಕ್ಕಳಿಗೆ ಹಿಡಿಸುತ್ತದೆ. ಅದರ ನಡುಮುಳ್ಳು ಇಡಿಯಾಗಿ ಬಿಟ್ಟುಬರುವುದರಿಂದ ತಿನ್ನಿಸುವುದೂ ಸುಲಭ. ಕೋರಿ ರೊಟ್ಟಿ ಕೇಳಿದರೆ ತಟ್ಟೆಗೆ ಬರುವುದು ಹಪ್ಪಳದಂತೆ ಗರಿಗರಿಯಾದ ಅಕ್ಕಿಯ ರೊಟ್ಟಿ. ಅದನ್ನು ಕೈಯಿಂದ ಮುರಿದು ಹರಡಿ, ಮೇಲೆ ಕೋಳಿಯ ಗಸಿ ಸುರಿದು, ಅರ್ಧ ಮೆತ್ತಗಾಗಿ ಅರ್ಧ ಗರಿಯಿರುವಾಗಲೇ ತಿನ್ನಬೇಕು. ಸಸ್ಯಾಹಾರಿಗಳಿಗೆ ಗೋಳಿಬಜೆ ಬಿಸಿಯಾಗಿ ಸಿಗುವುದು ಸಂಜೆ ನಾಲ್ಕರ ಸುಮಾರಿಗೆ, ಕೆಸುವಿನೆಲೆಯ ಪತ್ರೊಡೆ ಹೇರಳವಾಗಿ ಸಿಗುವುದು ಮಳೆಗಾಲದಲ್ಲಿ. ಗಡ್‌ಬಡ್ ಐಸ್‌ಕ್ರೀಮನ್ನು ಊಟದ ಬೆನ್ನಿಗೇ ತಿನ್ನದೆ ರಾತ್ರಿಗೆ ಇಟ್ಟುಕೊಳ್ಳಬಹುದು, ಏಕೆಂದರೆ ಆ ಎತ್ತರದ ಲೋಟವೇ ಒಂದು ಊಟ.

ಸಂಜೆಗೆ ಸುಲ್ತಾನ್ ಬತ್ತೇರಿ. ಗುರುಪುರ ನದಿಗೆ ಯುದ್ಧನೌಕೆಗಳು ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪುಕಲ್ಲಿನ ಈ ಕಾವಲು ಗೋಪುರವನ್ನು ನೋಡಲು ಕಾಲು ಗಂಟೆ ಸಾಕು; ಅದರ ಪಕ್ಕದಿಂದಲೇ ತಣ್ಣೀರುಬಾವಿಗೆ ದೋಣಿ ಹೊರಡುತ್ತದೆ. ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ಹತ್ತುವಾಗಲೇ ಕೇಳಿಕೊಳ್ಳಬೇಕು. ನವೆಂಬರಿನಲ್ಲಿ ಸೂರ್ಯ ಸುಮಾರು ಆರಕ್ಕೇ ಮುಳುಗುತ್ತಾನೆ, ಮೇ ತಿಂಗಳಲ್ಲಿ ಏಳರ ಹತ್ತಿರ.

ಈಜು ಬರುತ್ತದೆ ಎಂಬ ಧೈರ್ಯದಿಂದ ಕಡಲಿಗಿಳಿಯಬಾರದು. ಕೆರೆಯ ಈಜು ಇಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು. ಎರಡೂ ಬದಿ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ ಅದೇ ಅಪಾಯದ ಜಾಗ: ದಡಕ್ಕೆ ಬಂದ ನೀರು ಅಲ್ಲಿಂದಲೇ ಒಳಕ್ಕೆ ಸೆಳೆದುಕೊಂಡು ಹೋಗುತ್ತದೆ. ಸೆಳೆತಕ್ಕೆ ಸಿಕ್ಕಿದವರು ದಡದ ಕಡೆಗೆ ಗುದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬಂದು ಆಮೇಲೆ ದಡ ಸೇರಬೇಕು. ಮಕ್ಕಳಿರುವವರು ಜೀವರಕ್ಷಕರಿರುವ ಪಣಂಬೂರನ್ನೇ ಆರಿಸಿಕೊಳ್ಳಲಿ, ಜನಜಂಗುಳಿಯನ್ನು ಸಹಿಸಿಕೊಂಡಾದರೂ.

ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ಬಂದರಿನ ದಕ್ಕೆಯಲ್ಲಿರಬೇಕು. ದೋಣಿಗಳಿಂದ ಬುಟ್ಟಿಗಟ್ಟಲೆ ಮೀನು ಇಳಿಯುತ್ತಿರುತ್ತದೆ, ಮಂಜುಗಡ್ಡೆಯ ಪುಡಿ ಕಾಲಡಿಯಲ್ಲಿ ಕರಗುತ್ತಿರುತ್ತದೆ, ಏಲಂ ಕೂಗುವವರ ತುಳು, ಬ್ಯಾರಿ ಮಾತುಗಳ ನಡುವೆ ದಾರಿ ಬಿಡಿ ಎಂದು ತಳ್ಳುಗಾಡಿಗಳು ನುಗ್ಗುತ್ತವೆ. ಜಾರದ ರಬ್ಬರ್ ಚಪ್ಪಲಿ ಇರಲಿ. ಕೆಲಸ ಮಾಡುವವರ ಮುಖಕ್ಕೆ ಕೇಳದೆ ಮೊಬೈಲ್ ಹಿಡಿಯಬಾರದು. ಅಲ್ಲಿಂದ ಬಂದು ತಿಂಡಿ ಮುಗಿಸಿದ ಮೇಲೆ, ಮಕ್ಕಳಿದ್ದರೆ ಪಿಲಿಕುಳದ ತಾರಾಲಯ ನಡುಹಗಲಿನ ಸೆಕೆಗೆ ತಕ್ಕ ಜಾಗ. ದೊಡ್ಡವರೇ ಇದ್ದರೆ ಸುಮಾರು 35 ಕಿಲೋಮೀಟರ್ ದೂರದ ಮೂಡುಬಿದಿರೆಗೆ ಹೋಗಿ, 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ನೆರಳಿನಲ್ಲಿ ಕುಳಿತು ಬರಬಹುದು. ಎರಡನ್ನೂ ಒಂದೇ ದಿನಕ್ಕೆ ತುರುಕುವುದು ಬೇಡ.

ಹಿಂದಿರುಗುವ ಟಿಕೆಟನ್ನು ಬರುವ ಟಿಕೆಟಿಗಿಂತ ಮೊದಲೇ ಕಾದಿರಿಸಬೇಕು, ಏಕೆಂದರೆ ಊರಿಗೆ ಬಂದ ಕರಾವಳಿಯವರೆಲ್ಲ ಭಾನುವಾರ ರಾತ್ರಿ ನಿಮ್ಮೊಂದಿಗೇ ಬೆಂಗಳೂರಿಗೆ ಮರಳುತ್ತಿರುತ್ತಾರೆ. ರಾತ್ರಿ ಒಂಬತ್ತು, ಹತ್ತರ ಬಸ್ಸು ಹಿಡಿದರೆ ಸೋಮವಾರದ ವಾಹನ ದಟ್ಟಣೆ ಶುರುವಾಗುವ ಮೊದಲೇ ಬೆಂಗಳೂರು ಸೇರಬಹುದು. ಸ್ವಂತ ಕಾರಿನಲ್ಲಿ ಬಂದವರು ಮಾತ್ರ ಮಧ್ಯಾಹ್ನದ ಊಟ ಮುಗಿಸಿ, ಬೆಳಕಿರುವಾಗಲೇ ಘಾಟಿ ಹತ್ತುವಂತೆ ಹೊರಡಬೇಕು. ಅಂಥವರು ಭಾನುವಾರದ ಕಡಲ ಸಂಜೆಯನ್ನು ಲೆಕ್ಕದಿಂದ ಕಳೆದೇ ಯೋಜನೆ ಹಾಕಿಕೊಳ್ಳಲಿ.